ಪಂಕ್ತಿಯ ಕೊನೆಯ ಎಲೆ

ಯಂತ್ರಗಳ ವಿಷಯದಲ್ಲಿ ನಾನು ಪರಮ ಅಜ್ಞಾನಿ. ಗಡಿಯಾರಕ್ಕೆ ಕೀಲಿ ಕೊಡುವುದರಲ್ಲಿಯೇ ನನ್ನ ಪಾಂಡಿತ್ಯ ಮುಗಿಯುತ್ತದೆ. ಇಂಥವನು 2006ರಲ್ಲಿ ವಿಡಿಯೋ ಕ್ಯಾಮರಾ ಕೊಳ್ಳಲು ಹೊರಟನೆಂದರೆ ಅದಕ್ಕೆ ಬಲವಾದ ಕಾರಣವಿರಲೇಬೇಕು. ಕಾರಣ ನಮ್ಮ ಅಮ್ಮ.

ಆಕೆಗೆ ಎಂಬತ್ತು ತುಂಬಿತ್ತು. ಊರಿನ ಮನೆಯಲ್ಲಿ ಶಾಂತಿ, ಊಟ ಎಂದು ಗೊತ್ತಾಯಿತು. ಜಮೀನಿನ ಪಾಲಿನಲ್ಲಿ ಮುನಿಸಿಕೊಂಡು ಹನ್ನೆರಡು ವರ್ಷ ಹೊಸ್ತಿಲು ತುಳಿಯದಿದ್ದ ಅಣ್ಣನೂ ಬರುವೆನೆಂದು ಕಾಗದ ಬರೆದ. “ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತದ್ದನ್ನು ಒಂದೇ ಚಿತ್ರದಲ್ಲಿ ನೋಡಬೇಕಪ್ಪ” ಎಂದಳು ಅಮ್ಮ. ಹತ್ತು ಎಲೆ. ನಮ್ಮ ನಡುಮನೆಯೋ ಉದ್ದಕ್ಕೆ ರೈಲುಗಾಡಿ, ಅಗಲಕ್ಕೆ ಓಣಿ. ಹಿಂದಿನ ವರ್ಷ ಸ್ನೇಹಿತರೊಬ್ಬರ ಕ್ಯಾಮರಾ ತಂದು, ಬೆನ್ನನ್ನು ಗೋಡೆಗೆ ಒತ್ತಿ ನಿಂತರೂ ಹಿಡಿದದ್ದು ಎಂಟೇ ಎಲೆ. ಅತ್ತಿಂದಿತ್ತ ತಿರುಗಿಸಬಹುದಿತ್ತಲ್ಲ ಎನ್ನುವಿರಿ. ತಿರುಗಿಸಬಹುದು, ಆದರೆ ಅಣ್ಣ ಕಾಣುವಾಗ ಉಳಿದವರಿಲ್ಲ, ಉಳಿದವರು ಕಾಣುವಾಗ ಅಣ್ಣನಿಲ್ಲ. ಹನ್ನೆರಡು ವರ್ಷ ನಡೆದದ್ದೂ ಅದೇ ಅಲ್ಲವೆ?

ಹಳೆಯ ಚಿತ್ರದ ಅಳತೆ 9 ಅಂಗುಲ ಎತ್ತರಕ್ಕೆ 12 ಅಂಗುಲ ಅಗಲ. ಅಗಲಚಿತ್ರಕ್ಕೆ ಅದೇ ಎತ್ತರಕ್ಕೆ 16. ನನಗೆ ಬೇಕಾದದ್ದು ಆ ಹೆಚ್ಚಿನ ನಾಲ್ಕು ಅಂಗುಲ.

ಅಂಗಡಿಯಾತ ಒಂದು ಗುಂಡಿಯೊತ್ತಿದ. ಚಿತ್ರದ ಮೇಲೂ ಕೆಳಗೂ ಕಪ್ಪು ಪಟ್ಟಿಗಳು ಮೂಡಿದವು. “ನೋಡಿ ಸ್ವಾಮಿ, ಸಿನಿಮಾದ ಹಾಗೆಯೇ!” ಎಂದ. ನಾನು ದುಡ್ಡಿಗೆ ಕೈಹಾಕಿದ್ದೆ. ಜೊತೆಗಿದ್ದ ಅಕ್ಕನ ಮಗ ತಡೆದ. “ಮಾವ, ಅಂಚು ನೋಡಿ.” ಎದುರಿಗೆ ಗೋಡೆಯ ಮೇಲೆ ಗಣಪತಿಯ ಪಟ, ಅದರ ಬಲಕ್ಕೆ, ಚಿತ್ರದ ಅಂಚಿನಿಂದ ಆಚೆಗೆ, ಒಂದು ಗಡಿಯಾರ. ಗುಂಡಿಯೊತ್ತಿದಾಗ ಗಡಿಯಾರ ಒಳಗೆ ಬರಲಿಲ್ಲ. ಗಣಪತಿಯ ಕಿರೀಟ ಮಾತ್ರ ಹೊರಟುಹೋಯಿತು.

ಹುಡುಗ ದಾರಿಯಲ್ಲಿ ಬಿಡಿಸಿ ಹೇಳಿದ. ನಮ್ಮ ದೇಶದ ಪದ್ಧತಿಯಲ್ಲಿ ಚಿತ್ರಕ್ಕೆ 576 ಗೆರೆಗಳಂತೆ. ಕಪಟ ಕ್ಯಾಮರಾ ಮೇಲೊಂದಿಷ್ಟು, ಕೆಳಗೊಂದಿಷ್ಟು ಕತ್ತರಿಸಿ 432 ಉಳಿಸಿಕೊಳ್ಳುತ್ತದೆ. ಕೆಲವು ಇನ್ನೂ ಜಾಣ. ಉಳಿದದ್ದನ್ನೇ ಮತ್ತೆ 576ಕ್ಕೆ ಎಳೆದು ತುಂಬುತ್ತವೆ, ಮಜ್ಜಿಗೆಗೆ ನೀರು ಬೆರೆಸಿದಂತೆ. ನಿಜವಾದದ್ದರ ಒಳಗೆ ಬೆಳಕನ್ನು ಹಿಡಿಯುವ ಬಿಲ್ಲೆಯೇ ಅಗಲಕ್ಕೆ ಸಾಕಷ್ಟು ಕಣಗಳನ್ನು ಹೊತ್ತಿರುತ್ತದೆ. ಅದು ಹೆಚ್ಚು ನೋಟವನ್ನು ಕಂಡು, ಪಕ್ಕಗಳಿಂದ ಒತ್ತಿ, ಅದೇ ಟೇಪಿನಲ್ಲಿ ಮಡಿಸಿಡುತ್ತದೆ, ಅಗಲವಾದ ಟಿ.ವಿ. ಮಡಿಕೆ ಬಿಚ್ಚುತ್ತದೆ. ಪೆಟ್ಟಿಗೆಯ ಮೇಲಿನ ಬರಹ ಎರಡಕ್ಕೂ ಒಂದೇ.

ಮೂರು ಅಂಗಡಿ ಅಲೆದೆವು. ನಾನೀಗ ಪಂಡಿತ. ಜೂಮ್ ಮುಟ್ಟದೆ, ನಿಂತಲ್ಲಿಂದ ಕದಲದೆ ಗುಂಡಿಯೊತ್ತುವುದು, ಅಂಚು ನೋಡುವುದು, ತಲೆಯಲ್ಲಾಡಿಸಿ ಹೊರಡುವುದು. ನಾಲ್ಕನೆಯ ಅಂಗಡಿಯಲ್ಲಿ ಗುಂಡಿಯೊತ್ತಿದೊಡನೆ ಬಾಗಿಲ ಬಳಿ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ಕಾವಲುಗಾರ ಚಿತ್ರದೊಳಕ್ಕೆ ಬಂದ. ನಾನು ಸಂತೋಷದಿಂದ ಕೂಗಿದ್ದಕ್ಕೆ ಪಾಪ, ಆತ ಎದ್ದು ನಿಂತ. ಬೆಲೆ ಮೊದಲಿನದಕ್ಕಿಂತ ಬಹಳ ಹೆಚ್ಚು. ಮನೆಯಲ್ಲಿ ಆ ಮಾತೆತ್ತಲಿಲ್ಲ. (ಇಂದು ಜೇಬಿನ ಫೋನೇ ಇಷ್ಟನ್ನು ಸಲೀಸಾಗಿ ಮಾಡುತ್ತದೆ. ಜನ ಅದನ್ನು ನೆಟ್ಟಗೆ ನಿಲ್ಲಿಸಿ ಹಿಡಿಯುತ್ತಾರೆ!)

ಊಟದ ದಿನ ಹತ್ತೂ ಎಲೆ ಚಿತ್ರದೊಳಗೆ ಬಂದವು. ಅಣ್ಣ ಕಟ್ಟಕಡೆಗೆ, ಕಂಬದ ಪಕ್ಕ ಕುಳಿತಿದ್ದ.

ಟೇಪನ್ನು ಅಮ್ಮನಿಗೆ ತೋರಿಸಿದ್ದು ಊರಿನ ಹಳೆಯ ಡಬ್ಬಿ ಟಿ.ವಿ.ಯಲ್ಲಿ. ಇದು ಅಗಲದ್ದಲ್ಲವೆಂದು ಕ್ಯಾಮರಾಕ್ಕೆ ಮೊದಲೇ ತಿಳಿಸಬೇಕಿತ್ತು, ಮರೆತೆ. ಮಡಿಸಿದ ಚಿತ್ರ ಮಡಿಸಿದಂತೆಯೇ ಬಂದು, ಇಡೀ ಬಳಗ ಬಿದಿರುಗಳದ ಹಾಗೆ ಕುಳಿತಿತ್ತು.

“ಇದೇನೋ, ನನ್ನ ಮಕ್ಕಳೆಲ್ಲ ಉಪವಾಸ ಬಿದ್ದವರ ಹಾಗೆ!” ಎಂದು ಅಮ್ಮ ನಕ್ಕಳು. ಆಮೇಲೆ ಎದ್ದು ಹತ್ತಿರ ಹೋಗಿ, ಗಾಜಿನ ಬಲ ಅಂಚಿಗೆ ಬೆರಳಿಟ್ಟಳು.

“ಅವನ ಎಲೆಗೆ ತುಪ್ಪವೇ ಬಿದ್ದಿಲ್ಲವಲ್ಲೋ.”

ಅಂದು ತುಪ್ಪದ ಮಿಳ್ಳೆ ಹಿಡಿಯಬೇಕಾಗಿದ್ದವನು ನಾನು.