ಅಪ್ಪನ ನಂಬರಿಗೆ ಹೋದ ಓಟಿಪಿ

ಅಮ್ಮನ ಡೆಬಿಟ್ ಕಾರ್ಡನ್ನ ಟ್ಯಾಕ್ಸಿ ಆ್ಯಪಿಗೆ ಸೇರಿಸೋದು ಐದು ನಿಮಿಷದ ಕೆಲಸ ಅಂದ್ಕೊಂಡಿದ್ದೆ. ಹನ್ನೊಂದು ದಿನ ಹಿಡೀತು.

ಶುರುವಾಗಿದ್ದು ಇಪ್ಪತ್ತು ರೂಪಾಯಿಯಿಂದ. ಅಮ್ಮನಿಗೆ ಸಕ್ಕರೆ ಕಾಯಿಲೆ, ಅದು ಕಣ್ಣಿನ ತನಕ ಬಂದಿದೆ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಆಸ್ಪತ್ರೆಗೆ ಹೋಗ್ಬೇಕು. ಅಲ್ಲಿ ಪಾಪೆ ಹಿಗ್ಗಿಸೋ ಹನಿ ಹಾಕಿದ್ರೆ ಮುಂದಿನ ಮೂರ್ನಾಲ್ಕು ತಾಸು ಹತ್ತಿರದ್ದೆಲ್ಲ ಮಸುಕು. ಕಳೆದ ಸಲ ವಾಪಸ್ ಬರುವಾಗ ಆಟೋದವರಿಗೆ 20ರ ನೋಟು ಅಂತ 200ರದ್ದು ಕೊಟ್ಟು ಇಳಿದಿದ್ದಾಳೆ. 2017ರಲ್ಲಿ ಬಂದ 200, 2019ರಲ್ಲಿ ಬಂದ 20, ಎರಡೂ ಹಳದಿ ಕಡೆಯವೇ. ಕಣ್ಣು ನೆಟ್ಟಗಿರೋ ನಾನೇ ಎಷ್ಟು ಸಲ ಎಡವಿದ್ದೀನೋ! ಪುಣ್ಯಾತ್ಮ, ಆಟೋ ನಿಲ್ಲಿಸಿ ಮೆಟ್ಟಿಲು ಹತ್ತಿ ಬಂದು ನೋಟು ವಾಪಸ್ ಕೊಟ್ಟ. ಆದ್ರೆ ಅಮ್ಮನಿಗೆ ದುಡ್ಡು ಸಿಕ್ಕಿದ ಖುಷಿಗಿಂತ "ಅಮ್ಮ, ನೋಡಿ ಕೊಡಿ" ಅಂದಿದ್ದೇ ಮನಸ್ಸಿಗೆ ನಾಟಿತು. ಅವತ್ತು ರಾತ್ರಿ ಸರಿಯಾಗಿ ಊಟ ಮಾಡ್ಲಿಲ್ಲ.

"ಕಾರಲ್ಲಿ ಹೋಗು, ನನ್ನ ಕಾರ್ಡ್ ಹಾಕಿಟ್ಟಿರ್ತೀನಿ, ದುಡ್ಡು ಎಣಿಸೋದೇ ಬೇಡ" ಅಂದೆ.

"ನಂಗೂ ಪೆನ್ಶನ್ ಬರುತ್ತಲ್ಲೇ. ಅಲ್ದೇ ನಿನ್ನ ಕಾರ್ಡಾದ್ರೆ ನಾನು ಎಲ್ಲಿಗೆ ಹೋದೆ, ಯಾವಾಗ ಹೋದೆ ಎಲ್ಲ ನಿಂಗೆ ಮೆಸೇಜ್ ಬರುತ್ತೆ."

(ಗಾಂಧಿ ಬಜಾರಿಗೆ ಹೋಗಿ ಮಸಾಲೆ ದೋಸೆ ತಿಂದು ಬರೋದು ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ದಾಳೆ. ಇರಲಿ ಬಿಡಿ.)

ಸರಿ, ಅವಳ ಕಾರ್ಡನ್ನೇ ಸೇರಿಸೋಣ ಅಂತ ಭಾನುವಾರ ಕೂತೆ. ಹದಿನಾರು ಅಂಕಿ, ಅವಧಿ, ಸಿವಿವಿ ಹೊಡೆದೆ. "ಈ ಕಾರ್ಡ್ ಸೇರಿಸಲಾಗಲಿಲ್ಲ." ಮತ್ತೆ ಹೊಡೆದೆ. ಅದೇ. ಆ್ಯಪ್ ಅಳಿಸಿ ಹೊಸದಾಗಿ ಹಾಕಿದೆ, ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಬಂದೆ, ಎಲ್ಲ ಆಯ್ತು. ಅಮ್ಮ ಪಕ್ಕದಲ್ಲೇ ಹುರುಳಿಕಾಯಿ ನಾರು ತೆಗೀತಾ "ಕಾರ್ಡಿಗೂ ನನ್ನ ಹಂಗೇ ವಯಸ್ಸಾಯ್ತೇನೋ" ಅಂದ್ಲು.

ವಯಸ್ಸಲ್ಲ, ಅಭ್ಯಾಸ ಇಲ್ಲದ್ದು. 2020ರಲ್ಲಿ ಆರ್‌ಬಿಐ ಒಂದು ನಿಯಮ ಮಾಡಿದೆ. ಹೊಸ ಕಾರ್ಡುಗಳು ಎಟಿಎಂನಲ್ಲಿ, ಅಂಗಡಿಯ ಮಿಷನ್ನಿನಲ್ಲಿ ಮಾತ್ರ ನಡೀಬೇಕು. ಆನ್‌ಲೈನ್ ಬೇಕು ಅಂದ್ರೆ ನಾವೇ ಕೇಳಿ ತೆರೆಸ್ಕೋಬೇಕು. ಅಲ್ಲಿಯವರೆಗೆ ಒಂದು ಸಲವೂ ಆನ್‌ಲೈನಿನಲ್ಲಿ ಬಳಸದ ಹಳೇ ಕಾರ್ಡುಗಳಿಗೂ ಆ ಬಾಗಿಲು ಮುಚ್ಚಿಬಿಟ್ರು. ಅಮ್ಮನ ಕಾರ್ಡ್ ಎಟಿಎಂ ಬಿಟ್ಟು ಬೇರೆ ಲೋಕ ಕಂಡದ್ದೇ ಇಲ್ಲ. ಇದು ಆ್ಯಪಿನ ತಪ್ಪಲ್ಲ, ಆದ್ರೆ ಕಾರಣ ಇದು ಅಂತ ಆ್ಯಪ್ ಹೇಳೋದೂ ಇಲ್ಲ ನೋಡಿ. ಎಟಿಎಂಗೆ ಹೋಗಿ ಮೆನು ಹುಡುಕಿ ಆನ್‌ಲೈನ್ ಬಳಕೆ ತೆರೆಸಿದ್ವಿ. ಸಾವಿರ ರೂಪಾಯಿಯ ಮಿತಿ ಸಾಕು ಅಂದ್ಲು ಅಮ್ಮ. ನಾನು ಎರಡು ಸಾವಿರ ಇಟ್ಟೆ.

ಮನೆಗೆ ಬಂದು ಮತ್ತೆ ಹೊಡೆದೆ. ಈ ಸಲ ಬ್ಯಾಂಕಿನ ಪುಟ ತೆರೀತು. "ನಿಮ್ಮ ಮೊಬೈಲಿಗೆ ಓಟಿಪಿ ಕಳಿಸಿದ್ದೇವೆ." ಕೆಳಗೆ ಒಂದಷ್ಟು ನಕ್ಷತ್ರ, ಕೊನೆಗೆ ನಾಲ್ಕು ಅಂಕಿ. ಅಮ್ಮನ ಫೋನ್ ಸುಮ್ಮನೆ ಬಿದ್ದಿತ್ತು.

ಆ ನಾಲ್ಕು ಅಂಕಿ ನೋಡ್ತಾ ನಾನೂ ಸುಮ್ಮನಾದೆ. ಅಪ್ಪನ ನಂಬರು.

ಅದು ಅಪ್ಪನ ಪೆನ್ಶನ್ ಖಾತೆ, ಅಮ್ಮನ ಹೆಸರೂ ಜೊತೆಗಿತ್ತು. ಅಪ್ಪ ಹೋದ ಮೇಲೆ ಫ್ಯಾಮಿಲಿ ಪೆನ್ಶನ್ ಅದಕ್ಕೇ ಬರ್ತಾ ಇದೆ. ಆಗ ಎಷ್ಟೊಂದು ಕಾಗದಕ್ಕೆ ಸಹಿ ಹಾಕಿದ್ವಿ, ನಂಬರ್ ಬದಲಿಸೋದು ಮಾತ್ರ ಯಾರಿಗೂ ಹೊಳೀಲಿಲ್ಲ. ಸಿಮ್ ಆರು ತಿಂಗಳು ಜೀವಂತ ಇಟ್ಟಿದ್ದೆ. ಆಮೇಲೆ ಒಂದು ತಿಂಗಳು ರೀಚಾರ್ಜ್ ಮರೆತೆ. ಮುಂದಿನ ತಿಂಗಳು ಮರೀಲಿಲ್ಲ, ಬೇಕಂತಲೇ ಬಿಟ್ಟೆ. ಅದನ್ನ ಅಮ್ಮನಿಗೆ ಹೇಳಿರಲಿಲ್ಲ.

ಬಳಸದೆ ಬಿಟ್ಟ ನಂಬರನ್ನ ಕಂಪನಿಯವರು ಕೆಲವು ತಿಂಗಳು ಕಾದು ಬೇರೆಯವರಿಗೆ ಕೊಡ್ತಾರೆ ಅಂತ ಗೊತ್ತಿತ್ತು. ಆದ್ರೂ ಕೈ ತಡೀಲಿಲ್ಲ. ಡಯಲ್ ಮಾಡಿದೆ. ನನ್ನ ಫೋನಿನ ಪರದೆ ಮೇಲೆ "ಅಪ್ಪ" ಅಂತಲೇ ಬಂತು.

"ಹಲೋ, ಯಾರ್ರೀ?" ಅಂತ ಹೆಣ್ಣುದನಿ. ಧಾರವಾಡದ ಕಡೆ ಮಾತು. ವಿಷಯ ಹೇಳಿದೆ.

"ಹೌದ್ರೀ, ಈಗರ ಒಂದ್ ನಂಬರ್ ಬಂದೈತಿ. ಓದ್ಲೇನ್ರಿ? ತಿಂಗಳಾ ತಿಂಗಳಾ ರೊಕ್ಕ ಜಮಾ ಆಗೇತಿ ಅಂತ ಮೆಸೇಜ್ ಬರ್ತಾವ್ರಿ. ನಮ್ಮ ಖಾತೆಕ್ಕಂತೂ ಬಂದಿಲ್ಲ, ಯಾರದೋ ಏನೋ ಅಂತ ನಮ್ಮನ್ಯಾಗ ನಗತಿದ್ವಿ."

ಓದಿ ಅಂದಿದ್ರೆ ಕೆಲಸ ಮುಗೀತಿತ್ತು. ನಿಜ ಹೇಳ್ತೀನಿ, ಬಾಯಿ ತನಕ ಬಂದಿತ್ತು. ಅಮ್ಮ ಕೈ ಅಡ್ಡ ಹಿಡಿದು ಬೇಡ ಅಂತ ತಲೆ ಆಡಿಸಿದ್ಲು. "ಬೇಡ್ರೀ, ಯಾರು ಕೇಳಿದ್ರೂ ಓದ್ಬೇಡಿ, ನಾನು ಕೇಳಿದ್ರೂ ಕೂಡ" ಅಂತ ಹೇಳಿ ಇಟ್ಟೆ.

2014ರಲ್ಲಿ ಒಂದು ಟ್ಯಾಕ್ಸಿ ಕಂಪನಿ ವಿದೇಶದ ದಾರಿ ಹಿಡಿದು ಓಟಿಪಿ ಇಲ್ಲದೆಯೇ ಕಾರ್ಡಿಂದ ದುಡ್ಡು ತಗೊಳ್ತಿತ್ತು. ಆರ್‌ಬಿಐ ಆಗಸ್ಟಿನಲ್ಲಿ ಸುತ್ತೋಲೆ ಹೊರಡಿಸಿ, ಅಕ್ಟೋಬರ್ ಕೊನೆಯ ಗಡುವು ಕೊಟ್ಟು ಅದನ್ನ ನಿಲ್ಲಿಸ್ತು. ಎಷ್ಟು ಸಲೀಸಾಗಿತ್ತು, ಹಾಳು ಮಾಡಿದ್ರು ಅಂತ ಆಗ ಬೈದವರಲ್ಲಿ ನಾನೂ ಒಬ್ಬಳು. ಅಮ್ಮನ ಖಾತೆಯ ಬೀಗದ ಕೈ ಇಷ್ಟು ದಿನ ಯಾರ ಮನೆಯಲ್ಲಿತ್ತು, ಅವರು ಎಷ್ಟು ಒಳ್ಳೆಯವರು ಅಂತ ಯೋಚಿಸಿದ್ರೆ ಈಗ ಬೈಯೋಕೆ ಬಾಯಿ ಬರಲ್ಲ.

ಮುಂದಿನದ್ದು ಬ್ಯಾಂಕ್. ಅರ್ಜಿ, ಆಧಾರ್ ಪ್ರತಿ, ಫೋಟೋ, ಒಂದು ಸಹಿ ಹೊಂದಲಿಲ್ಲ ಅಂತ ಇನ್ನೊಂದು ದಿನ, ಸರ್ವರ್ ಇಲ್ಲ ಅಂತ ಮತ್ತೊಂದು ದಿನ. ವಿವರ ಬೇಡ, ನೀವೂ ನೋಡಿದ್ದೀರಿ. ಎಂಟನೇ ದಿನ ಮತ್ತೆ ಹೋಗಿ ಕೂತಾಗ ಅಮ್ಮ ಮೆಲ್ಲಗೆ, "ಆ ಸಿಮ್ ನೀನೇ ಬಿಟ್ಟಿದ್ದಲ್ವಾ?" ಅಂದ್ಲು. ಹೂಂ ಅಂದೆ. "ನಂಗೆ ಗೊತ್ತಿತ್ತು. ಒಂದಿನ ಫೋನ್ ಮಾಡಿದ್ದೆ. ಅಸ್ತಿತ್ವದಲ್ಲಿಲ್ಲ ಅಂದ್ಲು ಅವಳು." ಅಷ್ಟರಲ್ಲಿ ಟೋಕನ್ ನಂಬರ್ ಕರೆದ್ರು.

ಹನ್ನೊಂದನೇ ದಿನ ಓಟಿಪಿ ಅಮ್ಮನ ಫೋನಿಗೇ ಬಂತು. ಎರಡು ರೂಪಾಯಿ ಕಡಿದು ವಾಪಸ್ ಹಾಕಿದ್ರು. ಕಾರ್ಡ್ ಕೂತಿತು. "ಆ ಕಂಪನಿಯವ್ರ ಹತ್ರ ನನ್ನ ನಂಬರೆಲ್ಲ ಇರುತ್ತಾ?" ಅಂತ ಕೇಳಿದ್ಲು. ಇಲ್ಲ, 2022ರ ಅಕ್ಟೋಬರಿನಿಂದ ವ್ಯಾಪಾರಿಗಳು ಕಾರ್ಡಿನ ನಂಬರ್ ಇಟ್ಕೊಳ್ಳೋ ಹಾಗಿಲ್ಲ, ಬದಲಿಗೆ ಒಂದು ಟೋಕನ್ ಇರುತ್ತೆ ಅಂದೆ. ಬ್ಯಾಂಕಿನಲ್ಲಿ ಕೊಟ್ಟ ಚೀಟಿಯೇ ಅಂದ್ಕೊಂಡ್ಲು. ನಾನೂ ತಿದ್ದಲಿಲ್ಲ :)

ಈ ಆ್ಯಪಿನಲ್ಲಿ ಆಟೋಗೆ ಕಾರ್ಡ್ ನಡೆಯಲ್ಲ, ಕಾರಿಗೆ ಮಾತ್ರ ಅಂತ ಆಮೇಲೆ ಗೊತ್ತಾಯ್ತು. ಅಮ್ಮ ಬೇಜಾರೇನೂ ಮಾಡ್ಕೊಳ್ಳಲಿಲ್ಲ. ಮರುದಿನವೇ ಒಬ್ಬಳೇ ಕಾರಲ್ಲಿ ಹೋಗಿ ಬಂದ್ಲು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಮನೆಗೆ ಬಂದು ಕೂತು, ಭೂತಗನ್ನಡಿ ಹಿಡಿದು, ಬಾಡಿಗೆಯ ಓಟಿಪಿಯನ್ನ ಒಂದೊಂದೇ ಅಂಕಿ ಒತ್ತಿದ್ಲು. ದುಡ್ಡು ಕಡಿದ ಮೆಸೇಜ್ ಬಂದಾಗ ಎರಡು ಸಲ ಓದಿದ್ಲು. ಆಮೇಲೆ ಕನ್ನಡಕ ತೆಗೀತಾ ಕೇಳಿದ್ಲು:

"ಇನ್ನು ಆ ಹುಡುಗಿಗೆ ಮೆಸೇಜ್ ಬರಲ್ವಲ್ಲ. ಒಂದು ಮಾತು ಹೇಳಿದ್ಯೇನೇ?"