ಮೊದಲನೆಯ ಮಹಾಯುದ್ಧದ ರಣಗಳಲ್ಲಿ ಭಾರತೀಯ ಯೋಧರು

1914ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಇಂಗ್ಲೆಂಡು ಜರ್ಮನಿಯ ಮೇಲೆ ಯುದ್ಧವನ್ನು ಸಾರಿದಾಗ, ಹಿಂದೂಸ್ಥಾನವೂ ಅದೇ ಗಳಿಗೆಯಲ್ಲಿ ಯುದ್ಧದೊಳಗೆ ಸೇರಿಹೋಯಿತು. ಈ ದೇಶದ ಪ್ರಜೆಗಳನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೂ ಆಗ ಇರಲಿಲ್ಲ. ಸೆರ್ಬಿಯವೆಲ್ಲಿ, ಬೆಲ್ಜಿಯಮ್ಮೆಲ್ಲಿ, ಗಢವಾಲದ ಬೆಟ್ಟದ ಹಳ್ಳಿಯೆಲ್ಲಿ! ಆದರೂ ಯುದ್ಧವು ಮುಗಿಯುವುದರೊಳಗಾಗಿ ಹತ್ತು ಲಕ್ಷಕ್ಕೂ ಮಿಕ್ಕ ಭಾರತೀಯರು ಸಮುದ್ರವನ್ನು ದಾಟಿ ಹೋಗಿದ್ದರು. ಅವರಲ್ಲಿ ಎಪ್ಪತ್ತು ಸಾವಿರಕ್ಕಿಂತ ಹೆಚ್ಚು ಮಂದಿ ಹಿಂದಿರುಗಲಿಲ್ಲ. 1917ರಲ್ಲಿ ಯುದ್ಧದ ವೆಚ್ಚಕ್ಕಾಗಿ ಹತ್ತು ಕೋಟಿ ಪೌಂಡುಗಳ ಕಾಣಿಕೆಯೂ ಈ ಬಡದೇಶದಿಂದ ಹೋಯಿತು. ಮೈಸೂರಿನ ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಯುದ್ಧದ ಆರಂಭದಲ್ಲಿಯೇ 50 ಲಕ್ಷ ರೂಪಾಯಿಗಳನ್ನು ಕೊಟ್ಟರೆಂಬುದನ್ನು ಹಿರಿಯರು ಬಹುಕಾಲ ನೆನೆಯುತ್ತಿದ್ದರು.

ವೀರಗಾಥೆಗಳು ಸಾಮಾನ್ಯವಾಗಿ ಜಯದಿಂದ ಆರಂಭವಾಗುತ್ತವೆ. ಈ ಕಥೆಯು ಹಾಗಲ್ಲ. ಕನ್ನಡನಾಡಿನ ಹೆಸರು ಈ ಯುದ್ಧದಲ್ಲಿ ಮೊದಲು ಕೇಳಿಬಂದದ್ದು ಒಂದು ದೊಡ್ಡ ಅಪಜಯದಲ್ಲಿ. 1914ರ ನವೆಂಬರ್ ಮೊದಲ ವಾರದಲ್ಲಿ ಜರ್ಮನರ ವಶದಲ್ಲಿದ್ದ ಪೂರ್ವ ಆಫ್ರಿಕದ ಟಾಂಗಾ ಎಂಬ ರೇವುಪಟ್ಟಣವನ್ನು ಹಿಡಿಯಲೆಂದು ಹಿಂದೂಸ್ಥಾನದಿಂದ ಸುಮಾರು 8,000 ಮಂದಿಯ ಸೇನೆಯು ಹೋಯಿತು. ಅದರಲ್ಲಿದ್ದ ಒಂದು ದಳಕ್ಕೆ ಬೆಂಗಳೂರು ಬ್ರಿಗೇಡ್ ಎಂದು ಹೆಸರು. ಹೆಸರು ಬೆಂಗಳೂರಿನ ದಂಡುಪ್ರದೇಶದಿಂದ ಬಂದುದೇ ಹೊರತು, ಅದರಲ್ಲಿದ್ದ ಸಿಪಾಯಿಗಳು ನಾನಾ ಸೀಮೆಯವರು. ಒಂದು ಪಟಾಲಮಂತೂ ಇಂಗ್ಲಿಷರದೇ. ವಾರಗಟ್ಟಲೆ ಹಡಗಿನಲ್ಲಿ ತುಂಬಿಟ್ಟ ಕಾರಣ ಜನರು ಕಡಲಬೇನೆಯಿಂದ ಬಳಲಿದ್ದರು. ಹೊಸ ಬಂದೂಕುಗಳ ಪರಿಚಯವು ಹಲವರಿಗೆ ಚೆನ್ನಾಗಿ ಆಗಿರಲಿಲ್ಲ. ಇದು ಸಾಲದೆಂಬಂತೆ, ಹಡಗಿನ ಅಧಿಕಾರಿಯು ಮೊದಲು ಪಟ್ಟಣಕ್ಕೆ ಹೋಗಿ ಶರಣಾಗಿರೆಂದು ಸೂಚನೆಯನ್ನು ಕೊಟ್ಟು ಬಂದನು. ಶತ್ರುವಿಗೆ ಇದಕ್ಕಿಂತ ದೊಡ್ಡ ಉಪಕಾರವುಂಟೆ? ಜರ್ಮನ್ ಸೇನಾನಿ ಲೆಟ್ಟೋ-ಫೊರ್ಬೆಕ್ಕನು ರೈಲಿನಲ್ಲಿ ತನ್ನ ಪಡೆಯನ್ನು ತರಿಸಿಕೊಂಡನು. ಆ ಪಡೆಯಾದರೂ ಎಷ್ಟು? ಸುಮಾರು ಒಂದು ಸಾವಿರ. ತೋಟಗಳ ನಡುವೆ ಕಾದಾಟವು ನಡೆಯುತ್ತಿದ್ದಾಗ ಗುಂಡಿನ ಸದ್ದಿಗೆ ಕೆರಳಿದ ಹೆಜ್ಜೇನುಗಳು ಎರಡು ಪಕ್ಷದವರನ್ನೂ ಕಚ್ಚಿದವು. ಜರ್ಮನರು ಜೇನುಗಳನ್ನು ಪಳಗಿಸಿ ಛೂ ಬಿಟ್ಟರೆಂದು ಆಮೇಲೆ ಒಂದು ಕಥೆಯೂ ಹುಟ್ಟಿತು. ಸೋತ ಸೇನಾಧಿಪತಿಗಳಿಗೆ ಇಂಥ ಕಥೆಗಳು ಬಹಳ ಪ್ರಯೋಜನಕ್ಕೆ ಬರುತ್ತವೆ. ಹದಿನಾರು ಯಂತ್ರಬಂದೂಕುಗಳನ್ನೂ ಆರು ಲಕ್ಷ ತೋಟೆಗಳನ್ನೂ ಕಡಲ ತಡಿಯಲ್ಲಿಯೇ ಬಿಟ್ಟು ಸೇನೆಯು ಹಡಗನ್ನೇರಿತು. ತಪ್ಪು ಹಡಗಿನ ಮೇಲಿದ್ದ ದೊಡ್ಡವರದು. ಅಪಕೀರ್ತಿಯು ಮಾತ್ರ ಸಿಪಾಯಿಗಳ ತಲೆಗೆ ಬಂದಿತು.

ಫ್ರಾನ್ಸಿನ ಸಂಗತಿಯು ಬೇರೆ. ಲಾಹೋರ್, ಮೀರತ್ ಎಂಬ ಎರಡು ಡಿವಿಜನ್ನುಗಳು 1914ರ ಶರತ್ಕಾಲದಲ್ಲಿ ಮಾರ್ಸೇಲ್ಸಿನಲ್ಲಿ ಇಳಿದುವು. ಇಂಗ್ಲಿಷರ ಚಿಕ್ಕ ಕಾಯಂ ಸೇನೆಯು ಅಷ್ಟರಲ್ಲಿ ಅರ್ಧ ಸವೆದುಹೋಗಿತ್ತು. ಹೊಸ ಸ್ವಯಂಸೇವಕರು ಇನ್ನೂ ಕವಾಯತಿನಲ್ಲಿದ್ದರು. ಆ ನಡುವಣ ತೆರಪನ್ನು ತುಂಬಿದವರು ಭಾರತೀಯರು. ಇದು ಉತ್ಪ್ರೇಕ್ಷೆಯಲ್ಲ, ಈಪ್ರ ಪಟ್ಟಣದ ಮುಂದೆ ಆ ವರ್ಷದ ಅಕ್ಟೋಬರ್‌ನಲ್ಲಿ ರಣರೇಖೆಯು ಒಡೆಯದೆ ನಿಂತುದಕ್ಕೆ ಅವರೂ ಒಂದು ಮುಖ್ಯ ಕಾರಣ. ಬೇಸಗೆಯ ತೆಳುವಾದ ಖಾಕಿಯನ್ನುಟ್ಟು ಬಂದವರು ಮಂಜು ಕೆಸರುಗಳ ಅಗಳುಗಳಲ್ಲಿ ನಿಂತರು. ಕೈಬಾಂಬುಗಳಿಲ್ಲದಿದ್ದುದರಿಂದ ಜ್ಯಾಮಿನ ಡಬ್ಬಿಗಳಲ್ಲಿ ಮದ್ದನ್ನು ತುಂಬಿ ಎಸೆದರು. ಅಕ್ಟೋಬರ್ 31ರಂದು ಹೊಲ್ಲೆಬೆಕೆ ಎಂಬಲ್ಲಿ ಬಲೂಚಿ ಪಟಾಲಮಿನ ಖುದಾದಾದ್ ಖಾನನು, ಜೊತೆಯ ಬಂದೂಕುಗಾರರೆಲ್ಲರೂ ಮಡಿದ ಮೇಲೆಯೂ, ಗಾಯಗೊಂಡ ಮೈಯಿಂದಲೇ ಯಂತ್ರಬಂದೂಕನ್ನು ನಡೆಯಿಸಿದನು. ವಿಕ್ಟೋರಿಯಾ ಕ್ರಾಸ್ ಪದಕವು ಭಾರತೀಯನೊಬ್ಬನಿಗೆ ದೊರೆತುದು ಅದೇ ಮೊದಲು.

1915ರ ಮಾರ್ಚ್ 10ರಂದು ನವ್ ಶಾಪೆಲ್ ಎಂಬ ಹಳ್ಳಿಯ ಮೇಲೆ ನಡೆದ ದಾಳಿಯಲ್ಲಿ ಹೆಚ್ಚುಕಡಮೆ ಅರ್ಧ ಸೇನೆಯು ಭಾರತದ್ದೇ. ಮೂವತ್ತೈದು ನಿಮಿಷಗಳ ಫಿರಂಗಿಯ ಮಳೆಯಾದ ಕೂಡಲೇ ಮುನ್ನುಗ್ಗಿ, ಮೊದಲ ಕೆಲವು ಗಂಟೆಗಳಲ್ಲಿಯೇ ಹಳ್ಳಿಯನ್ನು ಹಿಡಿದರು. ಅಲ್ಲಿಂದ ಮುಂದೆ ಆಜ್ಞೆಯು ಬರಲಿಲ್ಲ, ತಂತಿಗಳು ಕಡಿದುಹೋಗಿದ್ದುವು, ಗುಂಡುಗಳು ಮುಗಿಯುತ್ತಿದ್ದುವು. ಬಿಟ್ಟುಕೊಟ್ಟ ಹೊತ್ತಿನಲ್ಲಿ ಜರ್ಮನರು ಮತ್ತೆ ಕೂಡಿಕೊಂಡರು. ಮೂರು ದಿನಗಳ ಹೋರಾಟದಲ್ಲಿ ದೊರೆತ ನೆಲವು ಒಂದು ಮೈಲಿಯ ಆಸುಪಾಸು. ಭಾರತೀಯ ದಳದಲ್ಲಿ ಸತ್ತವರೂ ಗಾಯಪಟ್ಟವರೂ ಸೇರಿ ನಾಲ್ಕು ಸಾವಿರಕ್ಕೆ ಮಿಕ್ಕಿದರು. ಗಢವಾಲದ ಗಬ್ಬರ್ ಸಿಂಗ್ ನೇಗಿ, ಇನ್ನೂ ಇಪ್ಪತ್ತು ತುಂಬದ ಹುಡುಗ, ನಾಯಕನು ಬಿದ್ದ ಮೇಲೆ ತಾನೇ ಮುಂದಾಗಿ ಅಗಳಿನ ತಿರುವು ತಿರುವಿನಲ್ಲಿಯೂ ಶತ್ರುಗಳನ್ನು ಅಟ್ಟುತ್ತ ಹೋಗಿ ಅಂದೇ ಸತ್ತನು. ಏಪ್ರಿಲ್‌ನಲ್ಲಿ ಮತ್ತೆ ಈಪ್ರದ ಬಳಿ ವಿಷವಾಯುವಿನ ಎದುರಿಗೆ ಇದೇ ಲಾಹೋರ್ ಡಿವಿಜನ್ನನ್ನು ನಿಲ್ಲಿಸಿದರು. ವರ್ಷವು ಮುಗಿಯುವುದರೊಳಗೆ ಕಾಲ್ದಳವನ್ನು ಫ್ರಾನ್ಸಿನಿಂದ ತೆಗೆದುಬಿಟ್ಟರು. ಚಳಿಯನ್ನು ತಾಳಲಾರರೆಂಬುದು ಹೇಳಿಕೆ. ಸಿಪಾಯಿಗಳ ಮಾತನ್ನು ಬಲ್ಲ ಅಧಿಕಾರಿಗಳು ಸತ್ತುಹೋಗಿ, ಅವರ ಸ್ಥಾನಕ್ಕೆ ಒಂದು ಶಬ್ದವನ್ನೂ ಅರಿಯದವರು ಬಂದರೆಂಬುದು ಇನ್ನೂ ನಿಜವಾದ ಕಾರಣವೆಂದು ತೋರುತ್ತದೆ. ಕುದುರೆದಂಡು ಮಾತ್ರ 1918ರ ವರೆಗೂ ಅಲ್ಲಿಯೇ ಉಳಿಯಿತು.

ಗ್ಯಾಲಿಪೊಲಿಯನ್ನು ಆಸ್ಟ್ರೇಲಿಯದವರ ಕಥೆಯೆಂದು ಲೋಕವು ಬಲ್ಲುದು. ಅಲ್ಲಿ ಸಿಖ್ಖರೂ ಗೂರ್ಖರೂ ಇದ್ದರು, 1915ರ ಜೂನ್ 4ರಂದು ಹದಿನಾಲ್ಕನೆಯ ಸಿಖ್ ಪಟಾಲಮು ಒಂದೇ ದಿನದಲ್ಲಿ ಬಹುಪಾಲು ನಾಶವಾಯಿತು ಎಂಬುದನ್ನು ಇಷ್ಟರಲ್ಲಿಯೇ ಹೇಳಿ ಮುಂದೆ ಹೋಗಬಹುದು.

ಮುಂದೆ ಹೋಗಲಾಗದಂತೆ ಮನಸ್ಸನ್ನು ಹಿಡಿದು ನಿಲ್ಲಿಸುವ ಸ್ಥಳವೆಂದರೆ ಟೈಗ್ರಿಸ್ ನದಿಯ ದಂಡೆಯ ಕುಟ್. ಮೆಸೊಪೊಟೇಮಿಯದ ಯುದ್ಧವನ್ನು ನಡೆಯಿಸಿದುದು ಲಂಡನ್ನಿಗಿಂತ ಹೆಚ್ಚಾಗಿ ಸಿಮ್ಲೆ ಮತ್ತು ದೆಹಲಿಯ ಸರ್ಕಾರ. ಹೋದ ಸೇನೆಯು ಪೂನಾ ಡಿವಿಜನ್. ಅದರಲ್ಲಿ ಮರಾಠಾ ಪಟಾಲಮುಗಳು ಹಲವಿದ್ದುವು. ಇವೇ ಪಟಾಲಮುಗಳನ್ನು 1922ರಲ್ಲಿ ಒಂದುಗೂಡಿಸಿದಾಗ ಅವುಗಳ ಶಿಕ್ಷಣಕೇಂದ್ರವು ಬೆಳಗಾವಿಯಲ್ಲಿ ನೆಲೆಗೊಂಡಿತು. ಸೇನಾಪತಿ ಟೌನ್‌ಶೆಂಡನು ಗೆಲ್ಲುತ್ತ ಗೆಲ್ಲುತ್ತ ನದಿಯ ಮೇಲಕ್ಕೆ ಹೋದನು. ಬಾಗ್ದಾದು ಕೈಗೆಟುಕುವಂತೆ ಕಂಡಿತು. ದೋಣಿಗಳು ಸಾಲವು, ಔಷಧಗಳು ಸಾಲವು, ಹಿಂದಿನಿಂದ ಆಹಾರವು ಬರುವ ದಾರಿಯು ನೂರಾರು ಮೈಲಿ. ಇವೆಲ್ಲವೂ ತಿಳಿದಿದ್ದೂ ದೊಡ್ಡವರು ಮುಂದೆ ಹೋಗೆಂದರು. 1915ರ ನವೆಂಬರ್‌ನಲ್ಲಿ, ಪುರಾತನ ಪಾರಸಿಕ ಅರಸರ ಕಮಾನಿನ ಅವಶೇಷವು ನಿಂತಿರುವ ಟೆಸಿಫಾನಿನಲ್ಲಿ, ತುರ್ಕರು ಅವನನ್ನು ತಡೆದರು. ಗಾಯಾಳುಗಳನ್ನು ಕುಲುಕಾಡುವ ಬಂಡಿಗಳಲ್ಲಿ ಹಾಕಿಕೊಂಡು ಸೇನೆಯು ಕುಟ್ಟಿಗೆ ಹಿಂದಿರುಗಿತು. ಡಿಸೆಂಬರ್ 7ರಂದು ಮುತ್ತಿಗೆಯು ಮುಚ್ಚಿಕೊಂಡಿತು.

ಆ ಮುತ್ತಿಗೆಯು 147 ದಿನ ನಡೆಯಿತು. ಧಾನ್ಯವು ಮುಗಿಯುತ್ತ ಬಂದಾಗ ಕುದುರೆಗಳನ್ನೂ ಹೇಸರಗತ್ತೆಗಳನ್ನೂ ಕೊಂದು ತಿನ್ನಬೇಕಾಯಿತು. ಇಂಗ್ಲಿಷ್ ಸೋಲ್ಜರರು ತಿಂದರು. ಹಿಂದೂ ಮುಸಲ್ಮಾನ ಸಿಪಾಯಿಗಳಲ್ಲಿ ಬಹುಮಂದಿ ಒಲ್ಲೆವೆಂದರು. ಹಿಂದೂಸ್ಥಾನದ ಧರ್ಮಾಧಿಕಾರಿಗಳಿಂದ ಅನುಮತಿಯನ್ನು ಪಡೆದು ನಿಸ್ತಂತುವಿನ ಮೂಲಕ ತಿಳಿಸಿದುದೂ ಉಂಟು. ಆದರೂ ಊರಿಗೆ ಹೋದ ಮೇಲೆ ಕುಲದವರು ಏನೆಂದಾರೆಂಬ ಭಯ. ಹಸಿವಿಗೆ ಹೆದರದವನು ಪಂಗಡಕ್ಕೆ ಹೆದರಿದನು. ಇದನ್ನು ಮೌಢ್ಯವೆಂದು ನಕ್ಕವರು ಆಗಲೂ ಇದ್ದರು. ತನ್ನದೆಂದು ಹೇಳಿಕೊಳ್ಳಲು ಆ ಮನುಷ್ಯನ ಬಳಿ ಅಲ್ಲಿ ಇನ್ನೇನು ಉಳಿದಿದ್ದಿತೆಂದು ಅವರು ಯೋಚಿಸಲಿಲ್ಲ. ಕಾಯಿಪಲ್ಲೆಗಳಿಲ್ಲದೆ ಒಸಡುಗಳು ಕೊಳೆಯುವ ರೋಗವು ಹಬ್ಬಿತು. ವಿಮಾನಗಳಿಂದ ಹಿಟ್ಟಿನ ಮೂಟೆಗಳನ್ನು ಎಸೆದರು, ಸಾಕಾಗಲಿಲ್ಲ. ಬಿಡಿಸಲು ಬಂದ ಸೇನೆಯಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನರು ಸತ್ತು ನೊಂದು ಹೋದರು; ಅವರಲ್ಲಿಯೂ ಹೆಚ್ಚಿನವರು ಭಾರತೀಯರೇ. ಕೊನೆಗೆ ತುರ್ಕರಿಗೆ ಲಕ್ಷಗಟ್ಟಲೆ ಪೌಂಡುಗಳನ್ನು ಕೊಡುವೆವೆಂದು ಚೌಕಾಸಿಯೂ ನಡೆದು, ಅದೂ ಮುರಿದು, 1916ರ ಏಪ್ರಿಲ್ 29ರಂದು ಸುಮಾರು 13,000 ಮಂದಿ ಶರಣಾದರು. ಸೆರೆಯಾದ ಸಿಪಾಯಿಗಳನ್ನು ಮರುಭೂಮಿಯಲ್ಲಿ ನಡೆಯಿಸಿಕೊಂಡು ಹೋದರು. ದಾರಿಯಲ್ಲಿಯೂ ರೈಲು ಹಾಕುವ ಕೆಲಸದಲ್ಲಿಯೂ ಸಾವಿರಾರು ಮಂದಿ ಅಳಿದರು. ಟೌನ್‌ಶೆಂಡನನ್ನು ತುರ್ಕರು ರಾಜಧಾನಿಯ ಸಮೀಪದ ದ್ವೀಪವೊಂದರಲ್ಲಿ ಅತಿಥಿಯಂತೆ ಇಟ್ಟುಕೊಂಡರು. ವಿಚಾರಣೆಯ ಮಂಡಳಿಯೊಂದು ಕುಳಿತು, 1917ರಲ್ಲಿ ವರದಿಯು ಹೊರಬಿದ್ದಾಗ, ಭಾರತಮಂತ್ರಿ ಆಸ್ಟೆನ್ ಚೇಂಬರ್ಲೇನನು ರಾಜೀನಾಮೆಯನ್ನು ಕೊಟ್ಟನು. ಅದೇ ವರ್ಷ ಮಾರ್ಚ್ 11ರಂದು ಬಾಗ್ದಾದು ಇಂಗ್ಲಿಷರ ವಶವಾಗಿತ್ತು.

ಇನ್ನು ಮೈಸೂರಿನ ರಾವುತರ ವಿಚಾರ. ಮೈಸೂರು ಲ್ಯಾನ್ಸರ್ಸ್ ಎಂಬ ಸಂಸ್ಥಾನದ ಕುದುರೆದಂಡು 1914ರಲ್ಲಿಯೇ ಈಜಿಪ್ಟಿಗೆ ಹೋಗಿ, ಸುಯೆಜ್ ಕಾಲುವೆಯ ಕಾವಲಿನಲ್ಲಿ ನಿಂತಿತು. 1915ರ ಫೆಬ್ರವರಿಯಲ್ಲಿ ತುರ್ಕರು ಕಾಲುವೆಯನ್ನು ದಾಟಲು ಯತ್ನಿಸಿ ಸೋತರು. ಅನಂತರ ಮೂರು ವರ್ಷಗಳ ಕಾಲ ಮರಳು, ನೊಣ, ನೀರಿನ ಕೊರತೆ. ರಾಗಿಯ ಮುದ್ದೆಯನ್ನುಂಡು ಬೆಳೆದವರಿಗೆ ಆ ನಾಡಿನ ಊಟವೂ ಉಡುಗೆಯೂ ಎಷ್ಟು ಒಗ್ಗಿದುವೋ! ಕಾವಲಿನ ವರ್ಷಗಳನ್ನು ಚರಿತ್ರಕಾರರು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಕಳೆದವರಿಗೆ ಅವು ಅಷ್ಟು ಚಿಕ್ಕವಾಗಿರಲಾರವು.

1918ರ ಸೆಪ್ಟೆಂಬರ್ 19ರಂದು ಅಲೆನ್‌ಬಿಯು ಪ್ಯಾಲೆಸ್ಟೈನಿನಲ್ಲಿ ತುರ್ಕರ ಸಾಲನ್ನು ಒಡೆದನು. ಅವನ ಇಂಗ್ಲಿಷ್ ಪಟಾಲಮುಗಳನ್ನು ಆ ವಸಂತದಲ್ಲಿ ಫ್ರಾನ್ಸಿಗೆ ಕರೆಸಿಕೊಂಡಿದ್ದುದರಿಂದ, ಕಾಲ್ದಳದಲ್ಲಿಯೂ ರಾಹುತದಳದಲ್ಲಿಯೂ ಈಗ ಭಾರತೀಯರೇ ತುಂಬಿದ್ದರು. ಹೈಫಾ ಬಂದರು ಬೇಕಾಗಿತ್ತು. 22ರಂದು ಉಕ್ಕಿನ ಮೋಟಾರುಗಳು ಹೋಗಿ ಗುಂಡಿನೇಟನ್ನು ತಿಂದು ಹಿಂದಿರುಗಿದುವು. 23ರಂದು ಜೋಧಪುರ ಮತ್ತು ಮೈಸೂರಿನ ರಾವುತರನ್ನು ಕಳುಹಿಸಿದರು.

ಊರಿನ ನಿಲುವನ್ನು ಮನಸ್ಸಿಗೆ ತಂದುಕೊಂಡರೆ ಕೆಲಸದ ಕಷ್ಟವು ತಿಳಿದೀತು. ಎಡಕ್ಕೆ ಕಾರ್ಮೆಲ್ ಬೆಟ್ಟ, ಅದರ ಮೇಲೆ ಫಿರಂಗಿಗಳು. ಬಲಕ್ಕೆ ಕಿಶೋನ್ ಹೊಳೆ, ಅದರ ದಂಡೆಯೆಲ್ಲ ಹುದುಲು ಮರಳು. ನಡುವೆ ಇಕ್ಕಟ್ಟಾದ ಹಾದಿ; ಹಾದಿಯ ತುದಿಯಲ್ಲಿ ಯಂತ್ರಬಂದೂಕುಗಳು. ಮಧ್ಯಾಹ್ನಕ್ಕೆ ಮುಂಚೆ ಮೈಸೂರಿನ ಒಂದು ತುಕಡಿಯನ್ನು ಬೆಟ್ಟದ ಮೇಲಣ ಫಿರಂಗಿಗಳನ್ನು ಹಿಡಿಯಲೆಂದು ಕಳುಹಿಸಿದರು. ಆಡುಗಳು ಹತ್ತುವಂಥ ಕಾಲುದಾರಿಯಲ್ಲಿ ಕುದುರೆಗಳು ಕುಂಟಿದುವು, ಬಿದ್ದುವು. ಮೇಲಕ್ಕೆ ಮುಟ್ಟುವಷ್ಟರಲ್ಲಿ ಕುದುರೆಯ ಮೇಲೆ ಉಳಿದವರು ಸ್ವಲ್ಪವೇ ಮಂದಿ. ಎರಡು ಗಂಟೆಗೆ ಕೆಳಗೆ ಜೋಧಪುರದವರು ಏರಿಹೋದರು. ಹೊಳೆಯತ್ತ ತಿರುಗಿದ ಮುಂದಿನ ಕುದುರೆಗಳು ಹುದುಲಿನಲ್ಲಿ ಹೂತುಹೋದುವು. ಕೂಡಲೇ ಎಡಕ್ಕೆ ಹೊರಳಿ, ಬೆಟ್ಟದ ಬುಡದ ಬಂದೂಕುಗಳ ಮೇಲೆಯೇ ಬಿದ್ದು, ಭರ್ಜಿಗಳಿಂದ ದಾರಿಯನ್ನು ಬಿಡಿಸಿಕೊಂಡು ಊರನ್ನು ಹೊಕ್ಕರು. ಅವರ ಮೇಜರ್ ದಳಪತ್ ಸಿಂಗನು ಮೊದಲಲ್ಲಿಯೇ ಗುಂಡುತಗುಲಿ ಬಿದ್ದಿದ್ದನು. ಬೆಟ್ಟದ ಮೇಲೆ ಮೈಸೂರಿನವರು, ಬೆಂಬಲಕ್ಕೆ ಬಂದ ಇಂಗ್ಲಿಷ್ ತುಕಡಿಯೊಂದರೊಡನೆ, ಫಿರಂಗಿಗಳನ್ನು ಹಿಡಿದರು. ಕೆಳಗಿನಿಂದ ಗುಂಡಿಕ್ಕಿ ಜೋಧಪುರದವರಿಗೆ ಆಸರೆಯಾಗಿದ್ದ ಅವರ ಸಂಗಡಿಗರು ಹಿಂದೆಯೇ ಊರಿಗೆ ನುಗ್ಗಿದರು. ಸಂಜೆಯ ಲೆಕ್ಕದಲ್ಲಿ ಸೆರೆಯಾದವರು 1,350, ಫಿರಂಗಿಗಳು 17. ಸತ್ತ ರಾವುತರು 8, ಗಾಯಪಟ್ಟವರು 34. ಸತ್ತ ಕುದುರೆಗಳು 60. ಯಂತ್ರಬಂದೂಕಿನ ಯುಗದಲ್ಲಿ ಭರ್ಜಿಯು ಗೆದ್ದ ಕಡೆಯ ದಿನಗಳಲ್ಲಿ ಅದೊಂದು.

ಹೈಫಾವನ್ನು ಹೊಗಳುವವರು ಅಲ್ಲಿಯೇ ನಿಲ್ಲುತ್ತಾರೆ. ಇದೇ ರಾವುತರು ಒಂದು ತಿಂಗಳ ತರುವಾಯ, ಅಕ್ಟೋಬರ್ 26ರಂದು, ಅಲೆಪ್ಪೊ ಪಟ್ಟಣದ ಆಚೆ ಹರಿತಾನ್ ಎಂಬಲ್ಲಿ ಮತ್ತೆ ಅದೇ ಬಗೆಯಲ್ಲಿ ಏರಿಹೋದರು. ಎದುರಿಗೆ ಇದ್ದವರು ತಿಳಿದುದಕ್ಕಿಂತ ಬಹಳ ಹೆಚ್ಚು ಮಂದಿ. ಆ ಕಡೆಯ ತುರ್ಕ ಸೇನೆಗೆ ನಾಯಕನು ಮುಸ್ತಫಾ ಕೆಮಾಲ್. ಮೈಸೂರಿನವರು ಮುಂದೆ, ಜೋಧಪುರದವರು ಹಿಂದೆ. ಈ ಸಲ ಭರ್ಜಿಯು ಗೆಲ್ಲಲಿಲ್ಲ. ಹೈಫಾದಲ್ಲಿ ಬಿದ್ದವರಿಗಿಂತ ಹೆಚ್ಚು ಮಂದಿ ಇಲ್ಲಿ ಬಿದ್ದರು. ನಾಲ್ಕು ದಿನಗಳಾದ ಮೇಲೆ ತುರ್ಕರೊಡನೆ ಕದನವಿರಾಮಕ್ಕೆ ಸಹಿಯಾಯಿತು. ನಾಲ್ಕು ದಿನ ತಡೆದಿದ್ದರೆ ಅವರು ಊರಿಗೆ ಬರುತ್ತಿದ್ದರು.

ಬಂದವರಾದರೂ ಎಂಥ ದೇಶಕ್ಕೆ ಬಂದರು? 1918ರ ಆ ತಿಂಗಳುಗಳಲ್ಲಿ ಇನ್‌ಫ್ಲುಯೆಂಜಾ ಜ್ವರವು ಯುದ್ಧಕ್ಕಿಂತ ನೂರಾರು ಪಾಲು ಹೆಚ್ಚಿನ ಜನರನ್ನು ಹಿಂದೂಸ್ಥಾನದಲ್ಲಿ ನುಂಗಿತ್ತು. ಸ್ವರಾಜ್ಯವು ಹತ್ತಿರವಾದೀತೆಂದು ನಂಬಿ ಗಾಂಧಿಯವರು ಆ ವರ್ಷವೇ ಗುಜರಾತಿನ ಖೇಡಾ ಸೀಮೆಯ ಹಳ್ಳಿಗಳಲ್ಲಿ ನಡೆದಾಡಿ ಸೈನ್ಯಕ್ಕೆ ಜನರನ್ನು ಕೂಡಿಸಲು ಯತ್ನಿಸಿದ್ದರು. 1919ರ ಮಾರ್ಚ್‌ನಲ್ಲಿ ದೊರೆತುದು ರೌಲಟ್ ಕಾಯಿದೆ. ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್. ಅತ್ಯಂತ ಹೆಚ್ಚು ಸಿಪಾಯಿಗಳನ್ನು ಕೊಟ್ಟ ಪ್ರಾಂತವೇ ಪಂಜಾಬು.

ಸ್ಮಾರಕಗಳು ಮಾತ್ರ ಎದ್ದುವು. ನವ್ ಶಾಪೆಲ್ಲಿನಲ್ಲಿ 1927ರಲ್ಲಿ ತೆರೆದ ಕಂಬದ ಸುತ್ತಿನ ಗೋಡೆಯಲ್ಲಿ, ಗೋರಿಯಿಲ್ಲದೆ ಮಡಿದ 4,700ಕ್ಕೂ ಮೇಲ್ಪಟ್ಟವರ ಹೆಸರುಗಳಿವೆ. ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಕಂಚಿನ ರಾವುತರು ಜೋಧಪುರ, ಹೈದರಾಬಾದು, ಮೈಸೂರುಗಳ ದಂಡಿನವರು. ಆ ಚೌಕಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ, ಹಿಂದೆ ಮೈಸೂರು ಲ್ಯಾನ್ಸರ್ಸ್ ದಂಡು ಬೀಡುಬಿಟ್ಟಿದ್ದ ಸೀಮೆಯಲ್ಲಿ, ಆ ರಾವುತರ ನೆನಪಿನ ಕಲ್ಲೊಂದು ನಿಂತಿದೆ. ಪಕ್ಕದಲ್ಲಿಯೇ ದಿನವಿಡೀ ವಾಹನಗಳು ಹರಿಯುತ್ತಿರುತ್ತವೆ.