ಅಕ್ಷರದೊಳಗಿನ ಬಯಲು

ದಪ್ಪಗೆ, ಒತ್ತೊತ್ತಾಗಿ ಸೆಟೆದು ನಿಂತ ಇಂಗ್ಲಿಷ್ ಅಕ್ಷರ ಕಂಡರೆ ನನಗೆ ಮೊದಲಿನಿಂದಲೂ ಮೋಹ. ಅದರಲ್ಲೂ ಇಂಪ್ಯಾಕ್ಟ್ ಎಂದರೆ ಪ್ರಾಣ. ಜೆಫ್ರಿ ಲೀ ರೂಪಿಸಿದ ಈ ಅಕ್ಷರವನ್ನು ಇಂಗ್ಲೆಂಡಿನ ಶೆಫೀಲ್ಡಿನಲ್ಲಿದ್ದ ಸ್ಟೀಫನ್ಸನ್ ಬ್ಲೇಕ್ ಕಂಪನಿ 1965ರಲ್ಲಿ ಅಚ್ಚುಮೊಳೆಯಾಗಿ ಹೊರತಂದಿತು. ಮುಂದೆ ವಿಂಡೋಸ್ ಜೊತೆ ಅದು ನಮ್ಮೂರ ಡಿಟಿಪಿ ಅಂಗಡಿಗೂ ಬಂತು. ಕಿರಿದಾದ ಜಾಗದಲ್ಲಿ ದೊಡ್ಡ ದನಿ ಎತ್ತುವುದೇ ಅದರ ಕೆಲಸ. ಕನ್ನಡಕ್ಕೂ ಅಂಥದ್ದೊಂದು ಬೇಕೆಂಬ ಹಂಬಲದಲ್ಲೇ ನಾನು ಎಡವಿದ್ದು.

ನಮ್ಮೂರ ಶಾಲೆಯ ಸುವರ್ಣ ಮಹೋತ್ಸವ. ಫ್ಲೆಕ್ಸ್ ಮಾಡುವ ಹೊಣೆ ನನ್ನದು. ‘ಹಳೆ ವಿದ್ಯಾರ್ಥಿಗಳ ಸಮ್ಮೇಳನ’ ಎಂಬುದು ಗೇಟಿನ ಅಗಲದಲ್ಲಿ ಒಂದೇ ಸಾಲಿಗೆ ಕೂರಬೇಕಿತ್ತು. ಕೋರಲ್ ಡ್ರಾದಲ್ಲಿ ಕೆಂಪು ಬಣ್ಣದ ‘ನುಡಿ’ ಅಕ್ಷರ ಹಾಕಿ, ಪಕ್ಕದಿಂದ ಒತ್ತಿ ಅರ್ಧಕ್ಕಿಳಿಸಿದೆ. ಬಡಕಲಾಗಿ ಕಂಡಿತೆಂದು ಅದೇ ಕೆಂಪು ಬಣ್ಣದ ದಪ್ಪ ಔಟ್‌ಲೈನ್ ಕೊಟ್ಟೆ. ಪರದೆಯ ಮೇಲೆ ಭರ್ಜರಿಯಾಗಿಯೇ ಕಂಡಿತು.

ಸಮಾರಂಭದ ಬೆಳಿಗ್ಗೆ, ನನಗೆ ಅಕ್ಷರ ತಿದ್ದಿಸಿದ ಮೇಷ್ಟ್ರು ಫ್ಲೆಕ್ಸ್ ಮುಂದೆ ನಿಂತರು. ಕನ್ನಡಕ ಒರೆಸಿಕೊಂಡು ‘ವಿದ್ಯಾ...’ ಎಂದು ಶುರುಮಾಡಿ ತಡೆದರು. “ಇದ್ಯಾವ ಅಕ್ಷರ ಮಗಾ?” ಎಂದರು. ನೋಡಿದೆ. ಥಕಾರದ ಒಳಗಿನ ಚುಕ್ಕಿ ಮಾಯವಾಗಿತ್ತು. ಹೊಟ್ಟೆಯ ಸೀಳು ಮುಚ್ಚಿಹೋಗಿತ್ತು. ಅರ್ಕಾವತ್ತು ಪಕ್ಕದ ‘ಗ’ಕ್ಕೆ ಅಂಟಿತ್ತು. ಉಳಿದದ್ದು ಕೆಂಪು ಉಂಡೆ. “ಹೊಟ್ಟೆ ಸೀಳೋದನ್ನ ನಾನೇ ಅಲ್ವೇನೋ ಹೇಳಿಕೊಟ್ಟಿದ್ದು?” ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ಸಹಿಸಬಹುದಿತ್ತು. ಸಂಜೆಯವರೆಗೂ ಎಲ್ಲರೂ ಅದರ ಮುಂದೆಯೇ ಫೋಟೋ ತೆಗೆಸಿಕೊಂಡರು. ಪ್ರತಿ ಸಲವೂ ನನಗೆ ಮುಖ ಮರೆಸಿಕೊಳ್ಳುವಂತಾಯಿತು.

ಅಕ್ಷರವನ್ನು ಪಕ್ಕದಿಂದ ಒತ್ತಿದರೆ ನಿಂತ ಗೆರೆ ಸಣಕಲಾಗುತ್ತದೆ, ಮಲಗಿದ ಗೆರೆ ಹಾಗೇ ಉಳಿಯುತ್ತದೆ. ಅದನ್ನು ಮರೆಮಾಚಲು ಔಟ್‌ಲೈನ್ ಹಾಕಿದರೆ ಅದು ಒಳಗಿನ ಜಾಗವನ್ನು ನುಂಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ನೆಟ್ಟಗೆ ನಿಲ್ಲುತ್ತವೆ. ನಮ್ಮವು ದುಂಡಗಿನವು, ಕೆಳಗೆ ಒತ್ತಕ್ಷರಕ್ಕೂ ಜಾಗ ಕೇಳುತ್ತವೆ. ಹಾಗಾಗಿ ಕಿರಿದಾದ ಅಕ್ಷರವನ್ನು ಹೊಸದಾಗಿಯೇ ಬರೆಯಬೇಕು: ಇಕ್ಕಟ್ಟಾದಲ್ಲಿ ಗೆರೆ ತೆಳುಮಾಡಬೇಕು, ಸೀಳಿಗೆ ದಾರಿ ಬಿಡಬೇಕು.

ಹಾಗೆ ಬರೆದದ್ದೂ ಉಂಟು: ಮುಂಬೈಯ ಏಕ್ ಟೈಪ್ ಬಳಗ 2022ರಲ್ಲಿ ಹೊರತಂದ ಅನೇಕ್ ಅಕ್ಷರಗಳಲ್ಲಿ ಕನ್ನಡವೂ ಇದೆ. ಅಗಲವನ್ನು ಶೇಕಡಾ 75ರಿಂದ 125ರವರೆಗೆ ಬದಲಿಸಿಕೊಳ್ಳಬಹುದು. ಅದರ ತೀರಾ ಕಿರಿದಾದ, ದಪ್ಪನೆಯ ರೂಪದಲ್ಲಿ ‘ವಿದ್ಯಾರ್ಥಿ’ ಎಂದು ಬರೆದು ಬಹಳ ಹೊತ್ತು ನೋಡಿದೆ. ಚುಕ್ಕಿ ಚುಕ್ಕಿಯಾಗಿಯೇ ಇತ್ತು.

ದಪ್ಪವನ್ನೇ ನಾನು ಶಕ್ತಿ ಎಂದುಕೊಂಡಿದ್ದೆ. ಕಣ್ಣು ಗೆರೆಯನ್ನಷ್ಟೇ ಅಲ್ಲ, ಗೆರೆಗಳ ನಡುವಿನ ಬಯಲನ್ನೂ ಓದುತ್ತದೆ. ಈಗ ಸಾಲು ಹಿಡಿಸದಿದ್ದರೆ ಮಾತು ಕಡಿಮೆ ಮಾಡುತ್ತೇನೆ, ಇಲ್ಲವೇ ಎರಡು ಸಾಲಿಗೆ ಒಡೆಯುತ್ತೇನೆ; ಅಕ್ಷರದ ತಂಟೆಗೆ ಹೋಗುವುದಿಲ್ಲ. ಅಕ್ಷರ ಕಲಿಯುವ ಮಗುವಿಗೂ ಕಣ್ಣು ಮಂಜಾದ ಹಿರಿಯರಿಗೂ ಓದಲಾಗದ ಬೋರ್ಡು ಎಷ್ಟು ದೊಡ್ಡದಿದ್ದರೂ ಯಾರಿಗೂ ಏನನ್ನೂ ಹೇಳಿದಂತಲ್ಲ.